ಇಡೀ ಅಸೆಂಬ್ಲಿನೇ ಚೇಂಜ್ ಮಾಡ್ಬೇಕು ಸಾರ್

ಬೆಳಿಗ್ಗೆ ಕಾರ್ ಸ್ಟಾರ್ಟ್ ಮಾಡಿದ್ರೆ ಬಾನೆಟ್ ಒಳಗಿಂದ ಗರ್ರ್ ಅಂತ ಶುರು. ಮೊದಲನೇ ವಾರ ರೇಡಿಯೋ ವಾಲ್ಯೂಮ್ ಜಾಸ್ತಿ ಮಾಡ್ದೆ, ನಮ್ಮ ದೇಶದಲ್ಲಿ ಎಲ್ಲಾ ಸಮಸ್ಯೆಗೂ ಮೊದಲನೇ ಪರಿಹಾರ ಅದೇ ತಾನೆ. ಎದುರುಮನೆಯವರು "ನಿಮ್ ಗಾಡಿ ಸ್ಟಾರ್ಟ್ ಆದ್ರೆ ನಮ್ ಪಾಪು ಏಳುತ್ತೆ" ಅಂದ್ಮೇಲೆ ಸರ್ವೀಸ್ ಸೆಂಟರಿಗೆ ಹೋದೆ. ಯಾವ ಕಂಪನಿ ಅಂತ ಕೇಳ್ಬೇಡಿ, ನಿಮ್ದೂ ಇದೇ ಕಥೆ ಅಂತ ನನಗ್ಗೊತ್ತು.

ಗಾಜಿನ ರೂಮು, ಮಿಷಿನ್ ಕಾಫಿ, ಕೈಲಿ ಟ್ಯಾಬ್ ಹಿಡಿದ ಅಡ್ವೈಸರ್. ನಾನು "ಶಬ್ದ" ಅನ್ನೋದ್ರೊಳಗೆ ಎಸ್ಟಿಮೇಟ್ ರೆಡಿ. ಇಂಜಿನ್ನಿನ ಬೆಲ್ಟು, ಅದು ಹಾದುಹೋಗೋ ಐಡ್ಲರ್ ಅನ್ನೋ ಪುಲ್ಲಿ, ಬೆಲ್ಟನ್ನ ಬಿಗಿಯಾಗಿಡೋ ಟೆನ್ಷನರ್ ಅಸೆಂಬ್ಲಿ, ಸೇಫ್ಟಿಗೆ ಇರ್ಲಿ ಅಂತ ವಾಟರ್ ಪಂಪು, ಕೊನೇಲಿ ಸಂಬಂಧವೇ ಇಲ್ಲದ ಏಸಿ ಕ್ಲೀನಿಂಗು, ಎಲ್ಲಾ ಸೇರಿ ಹದಿನಾರು ಸಾವಿರ ಚಿಲ್ಲರೆ. ಬರೀ ಪುಲ್ಲಿ ಹಾಕಕ್ಕಾಗಲ್ವೇನಪ್ಪಾ ಅಂದೆ.

"ಸೆಪರೇಟಾಗಿ ಬರಲ್ಲ ಸಾರ್. ಇಡೀ ಅಸೆಂಬ್ಲಿನೇ ಚೇಂಜ್ ಮಾಡ್ಬೇಕು."

ಐದೈದು ವರ್ಷಕ್ಕೊಂದ್ಸಲ ಕ್ಯೂನಲ್ಲಿ ನಿಂತು ಬೆರಳಿಗೆ ಶಾಯಿ ಹಾಕಿಸ್ಕೊಂಡು ನಾವು ಮಾಡ್ತಿರೋದೂ ಅದನ್ನೇ ಅಲ್ವಾ ಸ್ವಾಮಿ, ಶಬ್ದ ಹೋಯ್ತಾ?

ಹಾಗೆ ನೋಡಿದ್ರೆ ಬಾನೆಟ್ ಒಳಗಿರೋದೂ ಒಂದು ಸರ್ಕಾರಾನೇ. ಹಾವಿನ ಥರ ಸುತ್ತಿಕೊಂಡಿರೋ ಒಂದೇ ಬೆಲ್ಟು, ಅದಕ್ಕೆ ಆಲ್ಟರ್ನೇಟರು, ಏಸಿ ಕಂಪ್ರೆಸರು, ವಾಟರ್ ಪಂಪು, ನನ್ನ ಥರ ಹಳೇ ಗಾಡಿ ಇದ್ರೆ ಪವರ್ ಸ್ಟೇರಿಂಗ್ ಪಂಪು, ಇವೆಲ್ಲಾ ಖಾತೆ ಇರೋ ಮಂತ್ರಿಗಳು. ಬೆಲ್ಟ್ ಸಡಿಲ ಆಗದಂಗೆ ಸ್ಪ್ರಿಂಗ್ ಹಾಕಿ ಒತ್ತಿಕೊಂಡಿರೋ ಟೆನ್ಷನರ್ ಇದೆಯಲ್ಲ, ಅದು ಹೈಕಮಾಂಡ್. ಇನ್ನು ಐಡ್ಲರ್ ಪುಲ್ಲಿ, ಕರೆಂಟ್ ಮಾಡಲ್ಲ, ನೀರು ತಳ್ಳಲ್ಲ, ತಣ್ಣಗೂ ಮಾಡಲ್ಲ, ಸುಮ್ನೆ ತಿರುಗುತ್ತೆ. ನಿಗಮ ಮಂಡಳಿ ಅಧ್ಯಕ್ಷರು! ಈ ಹೋಲಿಕೆ ಹೊಳೆದ ಖುಷೀಲಿ ಎರಡು ದಿನ ಸಿಕ್ಕಸಿಕ್ಕವರಿಗೆಲ್ಲ ಹೇಳ್ದೆ, ಆಮೇಲೆ ಐಡ್ಲರ್ ಬಗ್ಗೆ ಪಾಪ ಅನ್ನಿಸ್ತು. ಬೆಲ್ಟು ದಾರಿ ತಪ್ಪದಂಗೆ, ಪಕ್ಕದ ಪುಲ್ಲಿಗಳನ್ನ ಸರಿಯಾಗಿ ತಬ್ಬಿಕೊಳ್ಳೋ ಹಂಗೆ ತಿರುಗಿಸೋದು ಅದೇ. ಅದು ಜಾಮ್ ಆಗಿ ಬೆಲ್ಟ್ ಕಿತ್ತೋದ್ರೆ ಬ್ಯಾಟರಿ ಲೈಟ್ ಹತ್ಕೊಳ್ಳುತ್ತೆ, ಸ್ಟೇರಿಂಗ್ ಕಲ್ಲಾಗುತ್ತೆ, ಇಂಜಿನ್ ಕುದಿಯುತ್ತೆ. ನಿಗಮ ಮಂಡಳಿ ಅಧ್ಯಕ್ಷರು ಒಂದು ವರ್ಷ ರಜೆ ಹಾಕಿದ್ರೂ ಏನೂ ಕುದಿಯಲ್ಲ. ಸಾರಿ ಐಡ್ಲರ್.

"40 ಸಾವಿರ ಕಿಲೋಮೀಟರಿಗೇ ಪುಲ್ಲಿ ಹೋಗುತ್ತೇನ್ರೀ?" ಅಂತ ಅಡ್ವೈಸರ್‌ನ ಕೇಳಿದ್ದೆ, "ಡ್ರೈವಿಂಗ್ ಸ್ಟೈಲ್ ಸಾರ್" ಅಂದ. ಎಲ್ಲಿ ಡ್ರೈವಿಂಗು, ಎಲ್ಲಿ ಸ್ಟೈಲು? ಸಿಲ್ಕ್ ಬೋರ್ಡ್ ಹತ್ರ ಗಾಡಿ ನಿಂತಿದ್ರೂ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ಸುತ್ತುತ್ತಿರುತ್ತೆ, ಐಡ್ಲರ್ ಚಿಕ್ಕದು, ಬೆಲ್ಟನ್ನ ಓಡಿಸೋ ಕ್ರ್ಯಾಂಕ್ ಪುಲ್ಲಿಯ ಅರ್ಧ ಸೈಜ್ ಅಂದ್ಕೊಂಡ್ರೂ 1600. ಒಂದು ಗಂಟೆ ಸಿಕ್ಕಾಕೊಂಡ್ರೆ ಹತ್ತಿರ ಹತ್ತಿರ ಒಂದು ಲಕ್ಷ ಸುತ್ತು. ಮೀಟರಲ್ಲಿ ಎಷ್ಟು? ಎರಡು ಕಿಲೋಮೀಟರು. ಬೆಂಗಳೂರಲ್ಲಿ ಕಾರು ಓಡಲ್ಲ ಕಣ್ರೀ, ಪುಲ್ಲಿ ಓಡುತ್ತೆ.

ಸರ್ಕಾರ ಏನ್ ಮಾಡ್ತಿದೆ ಅಂತ ಮಾತ್ರ ಬೈಬೇಡಿ. 2022ರ ಡಿಸೆಂಬರ್ 24, ರಾಷ್ಟ್ರೀಯ ಗ್ರಾಹಕರ ದಿನದಂದೇ ಕೇಂದ್ರದವರು ರೈಟ್ ಟು ರಿಪೇರ್ ಅಂತ ಪೋರ್ಟಲ್ಲೇ ಬಿಟ್ಟಿದ್ದಾರೆ, ಮೊಬೈಲು, ಫ್ರಿಜ್ಜು, ಟ್ರ್ಯಾಕ್ಟರ್ ಜೊತೆ ಕಾರೂ ಇದೆ ಅದರಲ್ಲಿ. ರಿಪೇರಿ ಮಾಡಿಸ್ಕೊಳ್ಳೋ ಹಕ್ಕು ನಮಗೆ ಬಂದು ಇಷ್ಟು ದಿನ ಆಯ್ತು, ಎಂಥಾ ದೂರದೃಷ್ಟಿ! ಪುಲ್ಲಿ ಒಂದು ಬರೋದು ಬಾಕಿ.

ಕೊನೆಗೆ ಜೆ.ಸಿ. ರೋಡ್ ಪಕ್ಕದ ಗಲ್ಲಿ. ಅಲ್ಲಿನ ಮೆಕ್ಯಾನಿಕ್ ಭಾಯ್ ಬಾನೆಟ್ ಎತ್ತಿ, ಕುಡಿಯೋ ನೀರಿನ ಬಾಟ್ಲಿಯಿಂದ ಓಡ್ತಿರೋ ಬೆಲ್ಟಿನ ಗೀರುಗೀರಿರೋ ಕಡೆಗೆ ನಾಲ್ಕು ಹನಿ ಚಿಮುಕಿಸಿದ್ರು. ಶಬ್ದ ಬದಲಾದ್ರೆ ಬೆಲ್ಟಿಂದು, ಬದಲಾಗ್ಲಿಲ್ಲ ಅಂದ್ರೆ ಪುಲ್ಲಿ ಒಳಗಿರೋ ಬೇರಿಂಗ್ ಮೇಲೆ ಡೌಟು. ಬದಲಾಗ್ಲಿಲ್ಲ. ಉದ್ದನೆ ಸ್ಕ್ರೂಡ್ರೈವರ್ ತುದೀನ ಐಡ್ಲರ್ ಬೋಲ್ಟಿಗೆ ಇಟ್ಟು ಹಿಡಿ ಕಡೆಗೆ ಕಿವಿ ಕೊಟ್ಟು, ಡಾಕ್ಟರ್ ಥರ ಕಣ್ ಮುಚ್ಚಿದ್ರು. ಇಂಜಿನ್ ಆಫ್, ಟೆನ್ಷನರ್‌ಗೆ ರಾಡ್ ಹಾಕಿ ಎಳೆದು ಬೆಲ್ಟ್ ಬಿಚ್ಚಿ, ಪುಲ್ಲಿನ ಬೆರಳಲ್ಲಿ ತಿರುಗಿಸಿದ್ರೆ ಒಣ ಕಡ್ಲೆಬೇಳೆ ಮಿಕ್ಸಿಗೆ ಹಾಕ್ದಂಗೆ ಗರಗರ. ನಿಲ್ಲೋದೇ ಇಲ್ಲ. "ಗ್ರೀಸ್ ಇದ್ರೆ ಬೇಗ ನಿಲ್ತೈತೆ ಸಾರ್, ಸುಮ್ನೆ ತಿರುಗ್ತಾನೇ ಇದ್ರೆ ಒಳಗೆ ಒಣಗೈತೆ ಅಂತ. ಬೆಲ್ಟ್ ಚೆನ್ನಾಗೈತೆ, ಟೆನ್ಷನರ್ ಚೆನ್ನಾಗೈತೆ, ಇದೊಂದೇ ಸತ್ತೋಗೈತೆ." ಬೇರಿಂಗ್ ನಂಬರ್ 6203. ಒಳಗೆ 17 ಮಿ.ಮೀ., ಹೊರಗೆ 40, ದಪ್ಪ 12. ಎರಡಂಗಡಿ ಆಚೆ ಇನ್ನೂರು ಚಿಲ್ಲರೆಗೆ ಸಿಕ್ತು. ನನ್ನದು ಕಬ್ಬಿಣದ ಪುಲ್ಲಿ, ಹಳೇ ಬೇರಿಂಗ್ ಹೊಡೆದು ತೆಗೆದು ಹೊಸದನ್ನ ವೈಸಲ್ಲಿ ಒತ್ತಿ ಕೂರಿಸಿದ್ರು. ಪ್ಲಾಸ್ಟಿಕ್ ಆಗಿದ್ರೆ ಪುಲ್ಲಿನೇ ಹೊಸದು ಬೇಕಿತ್ತಂತೆ, ಇರ್ಲಿ. ಟೀ ಕುಡಿದ ಟೈಮೂ ಸೇರಿ ಮುಕ್ಕಾಲು ಗಂಟೆ, ಕೂಲಿ ಐನೂರು.

ಆ ಸರ್ವೀಸ್ ಸೆಂಟರಲ್ಲಿ ಬಾನೆಟ್ಟೇ ಎತ್ತಿರ್ಲಿಲ್ಲ. ಇದು ತಮಾಷೆಗೆ ಹೇಳ್ತಿಲ್ಲ. ಒಬ್ಬೇ ಒಬ್ಬ ಬಂದು ಒಂದು ಬೆರಳಲ್ಲಿ ಆ ಪುಲ್ಲಿನ ತಿರುಗಿಸಿ ನೋಡ್ಲಿಲ್ಲ. ಆ ಹುಡುಗನ್ನ ಬೈದು ಏನ್ ಬಂತು, ಟ್ಯಾಬಲ್ಲಿ ಬಂದಿದ್ದನ್ನ ಓದಿದ. ಆದ್ರೆ ಅವತ್ತು ನನ್ನ ಪಕ್ಕ ಕೂತಿದ್ದ ರಿಟೈರ್ಡ್ ಮೇಷ್ಟ್ರು ಅಂಥದ್ದೇ ಒಂದು ಎಸ್ಟಿಮೇಟಿಗೆ ಸೈನ್ ಹಾಕಿ, ಥ್ಯಾಂಕ್ಸಪ್ಪಾ ಅಂದು ಹೋದ್ರು. ನಾನು ಸುಮ್ನೆ ಕಾಫಿ ಕುಡೀತಿದ್ದೆ. ಅದು ಇನ್ನೂ ಚುಚ್ತಿದೆ.

ಹಳೇ ಬೇರಿಂಗನ್ನ ಭಾಯ್ ಪೇಪರಲ್ಲಿ ಸುತ್ತಿ ಕೊಟ್ಟಿದ್ರು. ಬಿಸಾಕೋಕೆ ಮನಸ್ಸಾಗದೆ ಟೇಬಲ್ ಮೇಲಿಟ್ಟಿದ್ದೀನಿ, ಮಗ ಹೋಂವರ್ಕ್ ಬಿಟ್ಟು ಅದನ್ನ ಪೆನ್ಸಿಲ್ಲಿಗೆ ಸಿಕ್ಕಿಸ್ಕೊಂಡು ತಿರುಗಿಸ್ತಾ ಕೂತಿರ್ತಾನೆ, ಗರಗರಗರ. ನಿನ್ನೆ ಅಡುಗೆಮನೆಯಿಂದ ಕೂಗು ಬಂತು, "ರೀ, ಕಾರು ಆಫ್ ಮಾಡಿ ಬಂದ್ರಾ ಇಲ್ವಾ?"