ಸತ್ಯಾಂಶ: ಅರುಣ್ ಖೇತ್ರಪಾಲ್ ಮಡಿದದ್ದು ಯುದ್ಧ ಮುಗಿದ ಮೇಲಲ್ಲ
ಡಿಸೆಂಬರ್ 16ರಂದು ಮಂಗಳೂರಿನ ಕದ್ರಿ ಯುದ್ಧ ಸ್ಮಾರಕಕ್ಕೆ ಹೂವಿಡುವ ಹೊತ್ತಿಗೆ ಇಲ್ಲಿನ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಒಂದು ಸಂದೇಶ ಸುತ್ತುತ್ತದೆ: 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಪಾಕ್ ಸೇನೆ ಢಾಕಾದಲ್ಲಿ ಶರಣಾದ ಸುದ್ದಿ ತಲುಪದೆ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ವೃಥಾ ಪ್ರಾಣ ತೆತ್ತರು, ಪರಮವೀರ ಚಕ್ರ ಪಡೆದವರಲ್ಲಿ ಅವರೇ ಅತಿ ಕಿರಿಯರು ಎಂದು.

ದಿನಾಂಕ ಒಂದೇ ಆದದ್ದರಿಂದ ಹುಟ್ಟಿದ ಗೊಂದಲವಿರಬೇಕು. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ ಪತ್ರಕ್ಕೆ ಸಹಿ ಬಿದ್ದದ್ದು ಸಂಜೆ ಸುಮಾರು 4.30ಕ್ಕೆ, ಪಶ್ಚಿಮ ರಂಗದ ಶಕರ್‌ಗಢ ವಲಯದ ಜರ್ಪಾಲ್ ಬಳಿ ಖೇತ್ರಪಾಲ್ ಮಡಿದದ್ದು ಅದೇ ದಿನ ಬೆಳಿಗ್ಗೆ. ಅಷ್ಟೇ ಅಲ್ಲ, ಪಶ್ಚಿಮ ರಂಗದಲ್ಲಿ ಕದನ ವಿರಾಮ ಜಾರಿಗೆ ಬಂದದ್ದು ಮರುದಿನ ರಾತ್ರಿ 8ಕ್ಕೆ. ಬಸಂತರ್ ನದಿಯಾಚೆ ಭಾರತೀಯ ಸೇನೆ ಹಿಡಿದಿದ್ದ ನೆಲೆಯನ್ನು ಒಡೆಯಲು ಪಾಕಿಸ್ತಾನದ ಟ್ಯಾಂಕುಗಳು ಮುನ್ನುಗ್ಗುತ್ತಿದ್ದ ಆ ಗಳಿಗೆಯಲ್ಲಿ, ಸೇನೆ ಸೇರಿ ಆರೇ ತಿಂಗಳಾಗಿದ್ದ ಪೂನಾ ಹಾರ್ಸ್ ಟ್ಯಾಂಕ್ ರೆಜಿಮೆಂಟಿನ ಈ 21ರ ತರುಣ, ಬೆಂಕಿ ಹತ್ತಿದ ‘ಫಾಮಗುಸ್ತಾ’ ಎಂಬ ತನ್ನ ಸೆಂಚುರಿಯನ್ ಟ್ಯಾಂಕನ್ನು ಬಿಟ್ಟು ಬರುವಂತೆ ಮೇಲಧಿಕಾರಿ ಹೇಳಿದಾಗ, ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆ, ಬಿಡಲಾರೆ ಎಂದು ರೇಡಿಯೊದಲ್ಲೇ ಉತ್ತರಿಸಿದರು. ಆ ಕಾಳಗದಲ್ಲಿ ನಾಶವಾದ 10 ಶತ್ರು ಟ್ಯಾಂಕುಗಳಲ್ಲಿ 4 ಅವರ ಪಾಲಿನವು. ಇದನ್ನು ವೃಥಾ ಎನ್ನುವುದು ಹೇಗೆ?

ಅತಿ ಕಿರಿಯರೆಂಬ ಮಾತು ಆಗ ನಿಜವಾಗಿತ್ತು. ಆದರೆ 1999ರ ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್‌ನಲ್ಲಿ ಹೋರಾಡಿದ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವ್‌ಗೆ 19 ವರ್ಷ. ಅವರು ಬದುಕುಳಿದು ಪರಮವೀರ ಚಕ್ರ ಸ್ವೀಕರಿಸಿದರು.