ವೀ ಓನ್ಲಿ ವಿಲ್ ಕಮ್

ಕನ್ನಡದ ಕ್ರಿಯಾಪದ ಮದುವೆಮನೆಯ ಯಜಮಾನನಂತೆ. ಎಲ್ಲರೂ ಉಂಡ ಮೇಲೆ ಕೊನೆಯ ಪಂಕ್ತಿಗೆ ಕೂರುತ್ತದೆ. ಹಾಗಾಗಿ ಬೇಗ, ಮೆಲ್ಲಗೆ, ತಡವಾಗಿ, ಸುಮ್ಮನೆ ಎಂಬ ಕ್ರಿಯಾವಿಶೇಷಣಗಳು ಅದಕ್ಕಿಂತ ಮೊದಲು ಎಲ್ಲಿ ಜಾಗ ಹಿಡಿದರೂ ನಡೆಯುತ್ತದೆ. ‘ಬಸ್ಸು ನಿನ್ನೆ ತಡವಾಗಿ ಬಂದಿತು’ ಎನ್ನಿ, ‘ನಿನ್ನೆ ತಡವಾಗಿ ಬಸ್ಸು ಬಂದಿತು’ ಎನ್ನಿ, ಕಾದವರ ಸಿಟ್ಟಿನಲ್ಲಿ ವ್ಯತ್ಯಾಸವಾಗುವುದಿಲ್ಲ.

ಇಂಗ್ಲಿಷಿನಲ್ಲಿ ಇಷ್ಟು ಉದಾರತೆ ಇಲ್ಲ. ಆಲ್ವೇಸ್, ನೆವರ್, ಆಫನ್‌ಗಳು ಮುಖ್ಯ ಕ್ರಿಯಾಪದಕ್ಕಿಂತ ಮೊದಲು ಬರಬೇಕು: ‘ಹಿ ಆಲ್ವೇಸ್ ಕಮ್ಸ್ ಲೇಟ್’. ಆದರೆ ಅಲ್ಲಿ ಈಸ್ ಇದ್ದರೆ ಅದಾದ ಮೇಲೆ: ‘ಹಿ ಈಸ್ ಆಲ್ವೇಸ್ ಲೇಟ್’. ವಿಲ್, ಹ್ಯಾವ್‌ನಂಥ ಸಹಾಯಕ ಕ್ರಿಯಾಪದ ಬಂದರೆ ಅದಕ್ಕೂ ಮುಖ್ಯ ಕ್ರಿಯಾಪದಕ್ಕೂ ನಡುವೆ. ‘ಶಿ ವೆಲ್ ಸಿಂಗ್ಸ್’ ಎಂದರೆ ಹಾಡಿದವಳಿಗೂ ಅವಮಾನ, ಕೇಳಿದವನಿಗೂ ಅವಮಾನ. ವೆಲ್ ಕೊನೆಗೇ ಬರಬೇಕು. ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಮಾತ್ರ ಸಾಮಾನ್ಯವಾಗಿ ಯಾರನ್ನೂ ನುಸುಳಲು ಬಿಡುವುದಿಲ್ಲ. ‘ಐ ಡ್ರಿಂಕ್ ಆಲ್ವೇಸ್ ಟೀ’ ತಪ್ಪು. ಕುಡಿಯುವುದಕ್ಕೂ ಚಹಾಕ್ಕೂ ನಡುವೆ ಯಾರೂ ಬರಬಾರದು ಎಂಬ ಈ ನಿಯಮವೊಂದನ್ನು ನಮ್ಮ ಬೆಳಗಾವಿಯ ಖಡೇಬಜಾರಿನಲ್ಲಿ ವ್ಯಾಕರಣ ಓದದವರೂ ಪಾಲಿಸುತ್ತಾರೆ.

ಬೆಳಗಾವಿಯಲ್ಲಿ ಇಂಗ್ಲಿಷಿನ ಪಾಡು ಇನ್ನೂ ಸ್ವಲ್ಪ ಕಠಿಣ. ಇಲ್ಲಿ ಒಂದೇ ಮಾತು ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ತಿರುಗಿ ಹಿಂದಿಯಲ್ಲಿ ಮುಗಿಯುತ್ತದೆ. ಮೂರರಲ್ಲೂ ಕ್ರಿಯಾಪದಕ್ಕೆ ಕೊನೆಯ ಸ್ಥಾನ. ನಾವು ‘ನಾನೇ’ ಎನ್ನುವಲ್ಲಿ ಮರಾಠಿಯವರು ‘ಮೀಚ್’ ಎನ್ನುತ್ತಾರೆ, ಹಿಂದಿಯವರು ‘ಮೈ ಹೀ’ ಎನ್ನುತ್ತಾರೆ. ಹೀಗಾಗಿ ‘ಐ ಓನ್ಲಿ ಟೋಲ್ಡ್’ ಎಂದು ಒಬ್ಬ ಹೇಳಿದರೆ, ಹೇಳಿದವನು ಅವನೇ ಎಂಬುದು ಮೂರೂ ಭಾಷೆಯವರಿಗೆ ತಕ್ಷಣ ತಿಳಿಯುತ್ತದೆ. ‘ಐ ಸಿಂಪ್ಲಿ ಕೇಮ್’ ಎಂದವನಿಗೆ ‘ಸುಮ್ಮನೆ ಬಂದಿರಾ, ಕುಳಿತುಕೊಳ್ಳಿ’ ಎಂದು ಕುರ್ಚಿ ಸರಿಸುತ್ತೇವೆ. ಒಟ್ಟಿನಲ್ಲಿ ನಮ್ಮ ಇಂಗ್ಲಿಷಿನಿಂದ ನಮಗೆ ತೊಂದರೆಯಾದದ್ದು ಕಡಿಮೆ. ನಡುವೆ ಸರಿಯಾದ ಇಂಗ್ಲಿಷ್ ಬಲ್ಲವರೊಬ್ಬರು ಕೈಹಾಕಿದಾಗಲೇ ಕೆಲಸ ಕೆಡುವುದು.

ತಿಲಕವಾಡಿಯಲ್ಲಿ ಅಣ್ಣನ ಹೊಸ ಮನೆಯ ವಾಸ್ತುಶಾಂತಿ ಇತ್ತು. ಅವನ ಬೀಗರು ಶಹಾಪುರದವರು, ಬ್ಯಾಂಕಿನಿಂದ ನಿವೃತ್ತರು. ಅವರಿಗೆ ಮೊಣಕಾಲು ನೋವು ಎಂದು ಕೇಳಿ ವೈನಿ, ಅಂದರೆ ನಮ್ಮ ಅತ್ತಿಗೆ, ‘ತ್ರಾಸು ಮಾಡಿಕೊಳ್ಳಬೇಡಿ, ಊಟದ ಡಬ್ಬಿ ಕಳಿಸಿಕೊಡುತ್ತೇವೆ’ ಎಂದು ಸಂದೇಶ ಕಳಿಸಿದ್ದರು. ಬೀಗರು ಸಂಕೋಚದ ಮನುಷ್ಯ. ಡಬ್ಬಿ ಬೇಡ, ನಾವೇ ಬರುತ್ತೇವೆ ಎನ್ನುವುದು ಅವರ ಮನಸ್ಸಿನಲ್ಲಿದ್ದ ಮಾತು. ಮೊಬೈಲಿನಲ್ಲಿ ಕನ್ನಡ ಒತ್ತುವುದು ಅವರಿಗೆ ಒಗ್ಗದು, ಆದ್ದರಿಂದ ‘ವೀ ಓನ್ಲಿ ವಿಲ್ ಕಮ್ ಫಾರ್ ಲಂಚ್’ ಎಂದು ಬರೆದರು. ಹಾಗೆಯೇ ಕಳಿಸಿದ್ದರೆ ಇಡೀ ಬೆಳಗಾವಿ ಜಿಲ್ಲೆಗೆ ಅರ್ಥವಾಗುತ್ತಿತ್ತು. ಪಕ್ಕದಲ್ಲಿ ಏಳನೆಯ ತರಗತಿಯ ಮೊಮ್ಮಗ ಕುಳಿತಿದ್ದ. ‘ಅಜ್ಜಾ, ಓನ್ಲಿ ವಿಲ್ ಆದ ಮೇಲೆ ಬರಬೇಕು’ ಎಂದು ಮೊಬೈಲು ಕಸಿದು ತಿದ್ದಿ ಕಳಿಸಿಯೇಬಿಟ್ಟ: ‘ವೀ ವಿಲ್ ಓನ್ಲಿ ಕಮ್ ಫಾರ್ ಲಂಚ್’.

ವೈನಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು. ಓದಿದವರೇ ಮೊಬೈಲನ್ನು ಹೋಳಿಗೆಯ ಹೂರಣದ ಪಕ್ಕ ಕುಕ್ಕಿದರು.

‘ಊಟಕ್ಕಷ್ಟೇ ಬರುತ್ತಾರಂತೆ. ಪೂಜೆ ಬೇಡ, ಪ್ರಸಾದ ಬೇಡ. ನಾವೇನು ಖಾನಾವಳಿ ಇಟ್ಟಿದ್ದೇವೆಯೇ?’

ನಾನು ಸಮಾಧಾನ ಹೇಳಲು ಹೋದೆ. ಈ ಓನ್ಲಿಯ ಜಗಳ ಶಹಾಪುರದಲ್ಲಿ ಹುಟ್ಟಿದ್ದಲ್ಲ; 1762ರಲ್ಲೇ ರಾಬರ್ಟ್ ಲೋತ್ ಎಂಬ ಇಂಗ್ಲೆಂಡಿನ ಪಾದ್ರಿ ತನ್ನ ವ್ಯಾಕರಣದಲ್ಲಿ ಇದರ ಬಗ್ಗೆ ಗೊಣಗಿದ್ದಾನೆ. ಮೂರೇ ಮಾತು ಆಡಿದೆ ಎನ್ನಬೇಕಾದವರು ಓನ್ಲಿಯನ್ನು ‘ತ್ರೀ ವರ್ಡ್ಸ್’ ಪಕ್ಕದಲ್ಲಿಡದೆ ಕ್ರಿಯಾಪದದ ಮುಂಚೆ ಇಡುತ್ತಾರಲ್ಲ ಎಂಬುದು ಅವನ ತಕರಾರು. ಮುಂದೆ ಇದೇ ಲೋತ್ ಲಂಡನ್ನಿನ ಬಿಷಪ್ ಆದ, ಜನ ಮಾತ್ರ ತಿದ್ದಿಕೊಳ್ಳಲಿಲ್ಲ. 1926ರಲ್ಲಿ ಇಂಗ್ಲಿಷ್ ಬಳಕೆಯ ಕೋಶ ಬರೆದ ಫೌಲರ್ ಬಂದು, ಅರ್ಥ ಕೆಡದಿದ್ದರೆ ಜನ ಇಟ್ಟಲ್ಲೇ ಓನ್ಲಿ ಇರಲಿ ಬಿಡಿ ಎಂದು ಜನರ ಪರ ನಿಂತ. ಅವನು ಎತ್ತಿಕೊಂಡ ಉದಾಹರಣೆ, ‘ಹಿ ಓನ್ಲಿ ಡೈಡ್ ಎ ವೀಕ್ ಅಗೋ’.

‘ವಾಸ್ತುಶಾಂತಿಯ ಮನೆಯಲ್ಲಿ ಸತ್ತವರ ಮಾತು ಬೇಡ’ ಎಂದರು ವೈನಿ. ‘ಮತ್ತೆ ಫೌಲರನ ಮನೆಗೆ ಬೀಗರು ಬರುವವರಿರಲಿಲ್ಲ.’

ಇದಕ್ಕೆ ಫೌಲರನ ಬಳಿಯೂ ಉತ್ತರವಿರಲಾರದು. ವೈನಿ ‘ಯು ಆರ್ ಆಲ್ವೇಸ್ ವೆಲ್ಕಮ್’ ಎಂದು ಮರುಸಂದೇಶ ಕಳಿಸಿದರು. ಆಲ್ವೇಸ್ ಇರಬೇಕಾದ ಜಾಗದಲ್ಲೇ ಇತ್ತು. ಪೂರ್ಣವಿರಾಮವನ್ನು ಒತ್ತಿದ ರೀತಿ ಮಾತ್ರ ಸ್ವಾಗತದ್ದಾಗಿರಲಿಲ್ಲ.

ಗ್ರಹಚಾರ ನೋಡಿ. ಮರುದಿನ ಬೀಗರು ಪೂಜೆಗೆಂದೇ ಬೆಳಿಗ್ಗೆ ಹೊರಡಲು ಸಿದ್ಧರಾಗಿದ್ದರಂತೆ. ಹೇಳಿಟ್ಟಿದ್ದ ಆಟೋ ಕೈಕೊಟ್ಟಿತು, ಬೇರೆ ಆಟೋ ಹಿಡಿದು ಹೊರಟರೆ ರೈಲ್ವೆ ಗೇಟು ಬಿತ್ತು. ಅವರು ಬಾಗಿಲಿಗೆ ಬರುವುದಕ್ಕೂ ಪಡಸಾಲೆಯಲ್ಲಿ ಎಲೆ ಹಾಕುವುದಕ್ಕೂ ಸರಿಹೋಯಿತು. ವೈನಿ ನನ್ನತ್ತ ಒಂದು ನೋಟ ಬೀರಿದರು. ಲೋತ್ ಬದುಕಿದ್ದರೆ ಅಂದು ಅವನಿಗೂ ತಿಲಕವಾಡಿಯಲ್ಲಿ ಒಂದು ಎಲೆ ಹಾಕುತ್ತಿದ್ದರು.

‘ಪೂಜೆ ತಪ್ಪಿತಲ್ಲ ತಾಯಿ’ ಎಂದು ಬೀಗರು ಹಳಹಳಿಸಿದರು. ‘ಡಬ್ಬಿ ಹೊತ್ತು ತರುವ ತ್ರಾಸು ನಿಮಗೇಕೆ, ನಾವೇ ಬರುತ್ತೇವೆ ಎಂದು ಅದಕ್ಕೇ ಬರೆದಿದ್ದೆ.’

‘ನಾವೇ ಎಂದು ಎಲ್ಲಿ ಬರೆದಿದ್ದೀರಿ?’ ವೈನಿ ಮೊಬೈಲು ತೆರೆದು ತೋರಿಸಿದರು. ಬೀಗರು ಕನ್ನಡಕ ಏರಿಸಿ ಓದಿದರು. ಅವರಿಗೆ ಈಗಲೂ ಅದು ‘ನಾವೇ’ ಎಂದೇ ಕಂಡಿತು. ಮೊಮ್ಮಗ ಎದೆಯುಬ್ಬಿಸಿ, ‘ಅಜ್ಜ ತಪ್ಪು ಬರೆದಿದ್ದರು, ಅದನ್ನು ನಾನು ಸರಿ ಮಾಡಿದೆ’ ಎಂದ. ವೈನಿಗೆ ಎಲ್ಲವೂ ಹೊಳೆಯಿತು. ಹುಡುಗನಿಗೆ ಬೈಯಲು ಅವರಿಗೆ ಅವಕಾಶವೇ ಇರಲಿಲ್ಲ. ಅದೇ ನಿಯಮವನ್ನು ಹಲಗೆಯ ಮೇಲೆ ಬರೆದು ಬರೆದು ಅವರ ಕೈ ಸುಣ್ಣವಾಗಿದೆ.

ಊಟದಲ್ಲಿ ಎಲ್ಲ ಮರೆತುಹೋಯಿತು. ಎರಡು ಹೋಳಿಗೆಗೆ ತುಪ್ಪ ಸುರಿಸಿಕೊಂಡು, ಕಟ್ಟಿನ ಸಾರನ್ನು ಸುರಿದು ಮುಗಿಸಿದ ಬೀಗರು ಸಂತೋಷ ತಡೆಯಲಾರದೆ, ‘ಐ ಲೈಕ್ ವೆರಿ ಮಚ್ ಯುವರ್ ಹೋಳಿಗೆ’ ಎಂದರು. ಲೈಕಿಗೂ ಹೋಳಿಗೆಗೂ ನಡುವೆ ವೆರಿ ಮಚ್ ಬಂದು ಕುಳಿತದ್ದನ್ನು ಗಮನಿಸಿದ ಮೊಮ್ಮಗ, ‘ಅಜ್ಜಾ, ವೆರಿ ಮಚ್...’ ಎಂದು ಬೆರಳೆತ್ತಿದ. ಅವನ ಬಾಯಿ ಮುಚ್ಚುವ ಮೊದಲೇ ವೈನಿ ಅದರೊಳಗೆ ಅರ್ಧ ಹೋಳಿಗೆ ತುರುಕಿದರು.