ಅಮ್ಮನ ಹಾಡಿನಲ್ಲಿ ಚುಚ್ಚುತ್ತಿದ್ದ ‘ಸ’

ಮೂರು ವರ್ಷದ ಹಿಂದೆ, ಅಮ್ಮನ ಹಸೆ ಹಾಡುಗಳನ್ನು ರೆಕಾರ್ಡ್ ಮಾಡಿ ಇಡಬೇಕು ಅಂತ ಒಂದು ಕಂಡೆನ್ಸರ್ ಮೈಕ್ ತಂದೆ. ಆರು ಸಾವಿರದೊಳಗಿನ ಚೀನಾ ಮೈಕ್. ಮೊದಲ ಹಾಡು ಮುಗಿದ ಮೇಲೆ ಹೆಡ್‌ಫೋನ್ ಅಮ್ಮನ ಕಿವಿಗೆ ಇಟ್ಟೆ. ಅರ್ಧ ನಿಮಿಷ ಕೇಳಿ ತೆಗೆದುಬಿಟ್ಟರು. “ಇದು ನನ್ನ ದನಿ ಅಲ್ಲ ಕಣೋ. ಯಾರೋ ಹಲ್ಲು ಕಚ್ಚಿಕೊಂಡು ಹಾಡಿದ ಹಾಗಿದೆ” ಅಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ‘ಸ’, ‘ಶ’, ‘ಚ’ ಬಂದಲ್ಲೆಲ್ಲ ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಹಸೆ ಹಾಡಿನಲ್ಲಿ ‘ಸ’ ಇಲ್ಲದ ಸಾಲು ಎಷ್ಟಿದ್ದೀತು? ‘ಹಸೆ’ ಅನ್ನುವ ಮಾತಿನಲ್ಲೇ ಇದೆಯಲ್ಲ.

ಅವತ್ತಿನಿಂದ ಆ ಮೈಕನ್ನು ಎಷ್ಟು ಸಲ ಬಿಚ್ಚಿದ್ದೇನೋ ಲೆಕ್ಕವಿಲ್ಲ. ಕ್ಯಾಪ್ಸೂಲ್ (ಮೈಕಿನೊಳಗೆ ಸದ್ದು ಹಿಡಿಯುವ ಭಾಗ) ಬದಲಾಯಿಸಿದೆ, ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗ) ಬದಲಾಯಿಸಿದೆ, ಜಾಲರಿ ಬಿಡಿಸಿದೆ. ಈಗ ನಾಲ್ಕಾರು ಗೆಳೆಯರು “ಯಾವ ಕ್ಯಾಪ್ಸೂಲ್ ಹಾಕಿದರೆ ದುಬಾರಿ ಮೈಕಿನ ಹಾಗೆ ಕೇಳುತ್ತೆ?” ಅಂತ ಕೇಳುತ್ತಿದ್ದಾರೆ. ಆ ಪ್ರಶ್ನೆಯೇ ತಪ್ಪು ಅಂತ ನನಗೆ ಅನಿಸುತ್ತದೆ. ಮೈಕಿನೊಳಗೆ ಯಾವ ಭಾಗ ಒಳ್ಳೆಯದು ಅನ್ನುವುದಕ್ಕಿಂತ ಯಾವುದಕ್ಕೆ ಯಾವುದು ಜೋಡಿ ಅನ್ನುವುದು ಮುಖ್ಯ. ಇದು ಗೊತ್ತಾಗುವ ಹೊತ್ತಿಗೆ ನಾನು ಸುಮಾರು ದುಡ್ಡು ಕಳೆದಿದ್ದೆ. ನೀವು ಕಳೆಯಬೇಡಿ ಅಂತ ಇಷ್ಟುದ್ದ ಬರೆಯುತ್ತಿದ್ದೇನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಜರ್ಮನಿಯ ನಾಯ್‌ಮನ್ ಕಂಪನಿ 1960ರಲ್ಲಿ ಯು 67 ಅನ್ನುವ ಮೈಕ್ ತಂದಿತು. ಅದರ ಕ್ಯಾಪ್ಸೂಲ್ ಹೆಸರು ಕೆ 67. ಈ ಕ್ಯಾಪ್ಸೂಲಿಗೆ ಹುಟ್ಟಿನಿಂದಲೇ ಮೇಲಿನ ಸ್ವರಗಳು ಜಾಸ್ತಿ, 8-10 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಏರಿಬಿಡುತ್ತದೆ. ನಾಯ್‌ಮನ್‌ನವರಿಗೆ ಇದು ಗೊತ್ತಿಲ್ಲದ್ದಲ್ಲ. ಕ್ಯಾಪ್ಸೂಲ್ ಏರಿಸಿದ್ದನ್ನು ಸರ್ಕ್ಯೂಟ್ ಇಳಿಸುವ ಹಾಗೆ ಅವರು ಎರಡನ್ನೂ ಸೇರಿಸಿಯೇ ಮಾಡಿದ್ದರು. ಹಾಗೆ ಇಳಿಸುವಾಗ, ಸದ್ದನ್ನು ದೊಡ್ಡದು ಮಾಡುವ ಟ್ಯೂಬಿನ (ವಾಲ್ವಿನ) ಸುಯ್‌ಗುಟ್ಟುವ ಸದ್ದೂ ಜೊತೆಗೆ ತಗ್ಗುತ್ತದೆ. 1967ರ ಯು 87ರಲ್ಲಿ ಟ್ಯೂಬ್ ಹೋಗಿ ಎಫ್‌ಇಟಿ ಅನ್ನುವ ಟ್ರಾನ್ಸಿಸ್ಟರ್ ಬಂತು. ಏರಿಸಿ ಇಳಿಸುವ ಲೆಕ್ಕ ಮಾತ್ರ ಹಾಗೇ ಉಳಿಯಿತು.

ಈಗ ನಮ್ಮ ಅಗ್ಗದ ಮೈಕಿಗೆ ಬನ್ನಿ. ಇಂಥ ಬಹಳಷ್ಟು ಮೈಕುಗಳ ಒಳಗಿರುವುದು ಕೆ 67ರ ನಕಲು. ಸರ್ಕ್ಯೂಟ್ ಮಾತ್ರ ಬೇರೆ ಕಡೆಯದು. ಜರ್ಮನಿಯದೇ ಇನ್ನೊಂದು ಕಂಪನಿ ಶೋಪ್ಸ್‌ನ ಮಾದರಿಯದ್ದು. ಅದು ಬಂದ ಸದ್ದನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ತುಂಬಾ ಒಳ್ಳೆಯ ಸರ್ಕ್ಯೂಟ್ ಅದು. ಆದರೆ ಏರುವ ಕ್ಯಾಪ್ಸೂಲಿಗೆ ಇಳಿಸುವವರೇ ಇಲ್ಲದ ಹಾಗಾಯಿತು, ಅದಕ್ಕೇ ‘ಸ’ ಚುಚ್ಚುತ್ತಿತ್ತು. ಹುಣಸೆಹುಳಿ ಧಾರಾಳವಾಗಿ ಹಾಕಿ ಬೆಲ್ಲ ಮರೆತ ಗೊಜ್ಜಿನ ಹಾಗೆ. ಹುಳಿಯ ತಪ್ಪೂ ಅಲ್ಲ, ಪಾತ್ರೆಯ ತಪ್ಪೂ ಅಲ್ಲ.

ಇದು ತಿಳಿಯದೆ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಬೋರ್ಡಿನ ಮೇಲಿನ ಎಲ್ಲ ಕೆಪಾಸಿಟರ್ ಕಿತ್ತು ದುಬಾರಿ ಫಿಲ್ಮ್ ಕೆಪಾಸಿಟರ್ ಹಾಕಿದ್ದು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡ್ ಇಡೀ ಅಲೆದು ತಂದಿದ್ದೆ. ಸದ್ದು ಹಾಗೇ ಇತ್ತು. ಕ್ಯಾಪ್ಸೂಲಿನ ಪಕ್ಕದಲ್ಲಿ ಸದ್ದು ಹಾದುಹೋಗುವ ದಾರಿಯಲ್ಲಿದ್ದ ಒಂದು ಸಿರಾಮಿಕ್ ಬಿಲ್ಲೆ ತೆಗೆದದ್ದರಿಂದ ಮಾತ್ರ ಉಪಯೋಗವಾಯಿತು. ಅಂಥ ಬಿಲ್ಲೆಗಳು ಕೆಲವು ಸಲ ತಾವೇ ಪುಟ್ಟ ಮೈಕಿನ ಹಾಗೆ ಅದುರಾಟವನ್ನು ಹಿಡಿಯುತ್ತವೆ. ಸ್ಟ್ಯಾಂಡಿಗೆ ಕೈ ತಗುಲಿದಾಗ ಬರುತ್ತಿದ್ದ ಟಣ್ ಅನ್ನುವ ಸದ್ದು ಕಡಿಮೆಯಾಯಿತು. ಉಳಿದ ಖರ್ಚೆಲ್ಲ ಸುಮ್ನೆ.

ಆಮೇಲೆ ಆರಿದ್ರೆ ಮಳೆ ಹಿಡಿಯಿತು. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಯೂ ಮುಗ್ಗಲು ವಾಸನೆ ಬರುತ್ತದೆ. ಮೈಕ್ ಚಟಪಟ ಅನ್ನತೊಡಗಿತು, ಬಾಣಲೆಗೆ ಸಾಸಿವೆ ಹಾಕಿದ ಹಾಗೆ. ಮೈಕ್ ಸತ್ತೇ ಹೋಯಿತು ಅಂದುಕೊಂಡೆ.

ಸತ್ತಿರಲಿಲ್ಲ, ಒದ್ದೆಯಾಗಿತ್ತು ಅಷ್ಟೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಲೆನಾಡು, ಕರಾವಳಿಯವರಿಗೆ ಇದು ಬೇಕೇ ಬೇಕು. ಕ್ಯಾಪ್ಸೂಲ್ ಅಂದರೆ ಒಂದು ಪುಟಾಣಿ ಕೆಪಾಸಿಟರ್, ಸುಮಾರು 60 ಪಿಕೋಫ್ಯಾರಡ್. ಇಷ್ಟು ಸಣ್ಣದರಿಂದ ತಗ್ಗಿನ ಸ್ವರ ಸೋರಿಹೋಗಬಾರದು ಅಂದರೆ ಅದರ ಜೊತೆಗಿರುವ, ಕರೆಂಟನ್ನು ತಡೆಯುವ ರೆಸಿಸ್ಟರ್ ಭಾರೀ ದೊಡ್ಡದಿರಬೇಕು. ಅದಕ್ಕೇ ಅಲ್ಲಿ 1 ಗಿಗಾಓಮ್ ಹಾಕುತ್ತಾರೆ, ಅಂದರೆ ನೂರು ಕೋಟಿ ಓಮ್. ಈಗ ಬೋರ್ಡಿನ ಮೇಲೆ ಬೆರಳಿನ ಜಿಡ್ಡು, ಸೋಲ್ಡರ್ ಮಾಡಿದಾಗ ಉಳಿದ ಫ್ಲಕ್ಸ್, ಅದರ ಮೇಲೆ ಮಳೆಗಾಲದ ತೇವ ಕೂತರೆ ಆ ಕೊಳೆಯೇ ಇನ್ನೊಂದು ರೆಸಿಸ್ಟರ್ ಆಗುತ್ತದೆ. 10 ಮೆಗಾಓಮ್‌ನಷ್ಟು ಸೋರಿಕೆ ಆದರೂ ಸಾಕು, 260 ಹರ್ಟ್ಜ್‌ಗಿಂತ ಕೆಳಗಿನದು ಕರಗುತ್ತಾ ಹೋಗುತ್ತದೆ. ಜೊತೆಗೆ ಆ ಚಟಪಟ.

ನಾನು ಮಾಡಿದ್ದು ಇಷ್ಟೇ. ಐಸೊಪ್ರೊಪೈಲ್ ಆಲ್ಕೊಹಾಲ್ ತಂದು, ಮೆತ್ತನೆ ಬ್ರಶ್ಶಿನಿಂದ ಬೋರ್ಡಿನ ಆ ಜಾಗ ಉಜ್ಜಿ, ಒಂದು ದಿನ ಒಣಗಲು ಬಿಟ್ಟೆ. ಕ್ಯಾಪ್ಸೂಲ್ ಮುಟ್ಟಲಿಲ್ಲ. ಚಟಪಟ ನಿಂತುಹೋಯಿತು. ಈಗ ಕೆಲಸ ಮುಗಿದ ತಕ್ಷಣ ಮೈಕನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ. ಅಡಿಕೆಗೆ ತೇವ ತಾಗದಂತೆ ಇಷ್ಟೊಂದು ಜೋಪಾನ ಮಾಡುವ ಊರಿನವರು ನಾವು. ಮೈಕಿಗೆ ಇಷ್ಟು ಮಾಡುವುದು ಕಷ್ಟವಲ್ಲ. ಬಿಡಿಭಾಗ ಕೊಳ್ಳುವ ಮುಂಚೆ ಎಲ್ಲರೂ ಮೊದಲು ಇದನ್ನು ಮಾಡಿ. ಕೆಲವರಿಗೆ ಮುಂದಿನದು ಬೇಕಾಗದೆಯೂ ಇರಬಹುದು.

ಆದರೂ ‘ಸ’ ಚುಚ್ಚುತ್ತಲೇ ಇತ್ತು. ಅದಕ್ಕೆ ಎರಡು ದಾರಿ. ಒಂದು, ಸರ್ಕ್ಯೂಟಿಗೆ ಇಳಿಸುವ ಕೆಲಸ ಕಲಿಸುವುದು. ಸರಿಯಾದ ಜಾಗದಲ್ಲಿ ಒಂದು ಸಣ್ಣ ಕೆಪಾಸಿಟರ್ ಸೇರಿಸಿದರೆ ಆಗುತ್ತದೆ. ಖರ್ಚು ಹತ್ತಿಪ್ಪತ್ತು ರೂಪಾಯಿ. ಎಷ್ಟರದ್ದು ಅಂತ ನಾನು ಹೇಳುವುದಿಲ್ಲ, ಒಂದೊಂದು ಬೋರ್ಡಿಗೆ ಒಂದೊಂದು. ಚಿಕ್ಕದರಿಂದ ಶುರುಮಾಡಿ, ಕೇಳಿ, ಏರಿಸುತ್ತಾ ಹೋಗಬೇಕು. ಎರಡನೆಯದು, ಅಷ್ಟು ಏರದ ಕ್ಯಾಪ್ಸೂಲ್ ಹಾಕುವುದು. 1949ರ ಹಳೆಯ ಯು 47 ಮೈಕಿಗೆ ಆಮೇಲಿನ ವರ್ಷಗಳಲ್ಲಿ ಹಾಕುತ್ತಿದ್ದ ಕೆ 47ರ ನಕಲು ಈಗ ಸುಲಭವಾಗಿ ಸಿಗುತ್ತದೆ. ಅದರಲ್ಲಿ ಮೇಲಿನ ಏರು ಕಡಿಮೆ, ನಡುವಿನ ಸ್ವರ ಸ್ವಲ್ಪ ಮುಂದೆ. ನಾನು ಇದನ್ನೇ ಆರಿಸಿಕೊಂಡೆ. ಅಮ್ಮನ ದನಿಗೆ ಆ ನಡು ಬೇಕಿತ್ತು.

ತಂದ ಮೊದಲನೇ ಕೆ 47 ಕ್ಯಾಪ್ಸೂಲನ್ನು ನಾನೇ ಹಾಳುಮಾಡಿದೆ. ಸ್ಕ್ರೂಡ್ರೈವರ್ ಜಾರಿ, ಸದ್ದಿಗೆ ಅದುರುವ ಅದರ ಪೊರೆಗೆ ತಾಗಿತು. ಆ ಪೊರೆ 6 ಮೈಕ್ರಾನ್ ಇದ್ದರೆ ಹೆಚ್ಚು, ಮೇಲೆ ಬಂಗಾರದ ಲೇಪ. ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ತೂತು ಬಿತ್ತು, ಅಷ್ಟೇ. ಆ ದಿನ ಊಟ ಸೇರಲಿಲ್ಲ. ಆದ್ದರಿಂದ ಹೇಳುತ್ತೇನೆ: ಪೊರೆಯ ಮೇಲೆ ಪ್ಲಾಸ್ಟಿಕ್ ಮುಚ್ಚಳ ಬಂದಿದ್ದರೆ ಕೊನೆಯವರೆಗೂ ತೆಗೆಯಬೇಡಿ. ಧೂಳು ಕಂಡರೆ ಬಾಯಿಂದ ಊದಬೇಡಿ, ಉಸಿರಿನಲ್ಲಿ ನೀರಿರುತ್ತದೆ. ಬಿಚ್ಚುವ ಮುಂಚೆ ಫ್ಯಾಂಟಮ್ ಪವರ್ (ಕೇಬಲ್ಲಿನಲ್ಲೇ ಮೈಕಿಗೆ ಬರುವ ಕರೆಂಟ್) ತೆಗೆದು ಐದು ನಿಮಿಷ ಕಾಯಿರಿ. ಅಳತೆ ನೋಡಿ ತನ್ನಿ, ನನ್ನದು 34 ಮಿಲಿಮೀಟರ್. ಕೆ 67ಕ್ಕೆ ಹಿಂಬದಿಯ ತಟ್ಟೆ ಎರಡು, ಕೆ 47ಕ್ಕೆ ಒಂದೇ. ಹಾಗಾಗಿ ಹಳೇ ತಂತಿಗಳ ಫೋಟೋ ತೆಗೆದಿಟ್ಟುಕೊಂಡೇ ಕೀಳಿ.

ಜಾಲರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳಪದರ ತೆಗೆದರೆ ಸದ್ದು ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ‘ಪ’ ‘ಬ’ಗಳ ಗಾಳಿ ಹೆಚ್ಚು ಹೊಡೆಯುತ್ತದೆ. ನಾನು ತೆಗೆದು ಮತ್ತೆ ಹಾಕಿದೆ.

“ಇಷ್ಟೆಲ್ಲ ಯಾಕೆ, ಕಂಪ್ಯೂಟರಿನಲ್ಲಿ ಇಕ್ಯು ಹಾಕಿದರೆ ಆಗಲ್ವಾ?” ಅಂತ ಒಬ್ಬ ಗೆಳೆಯ ಕೇಳಿದ. ಇಕ್ಯು ಅಂದರೆ ರೆಕಾರ್ಡಿನಲ್ಲಿ ಮೇಲಿನ, ಕೆಳಗಿನ ಸ್ವರಗಳನ್ನು ಬೇಕಾದಷ್ಟು ಏರಿಸಿ ಇಳಿಸುವುದು. ಒಂದು ಮಟ್ಟಕ್ಕೆ ಆಗುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಹಾಡುವವರು ಹೆಡ್‌ಫೋನಿನಲ್ಲಿ ತಮ್ಮ ದನಿಯನ್ನು ಆ ಕ್ಷಣದಲ್ಲೇ ಕೇಳುತ್ತಿರುತ್ತಾರೆ. ಚುಚ್ಚುವ ‘ಸ’ ಕೇಳಿದಾಗೆಲ್ಲ ಅಮ್ಮ ಅದನ್ನು ಮೆತ್ತಗೆ ಮಾಡಲು ಹೋಗಿ ಸಾಲಿನ ಉಸಿರನ್ನೇ ಬದಲಾಯಿಸುತ್ತಿದ್ದರು. ಹಾಗೆ ಅಳುಕಿ ಹಾಡಿದ್ದನ್ನು ಆಮೇಲೆ ಯಾವ ಇಕ್ಯು ಸರಿಮಾಡುತ್ತದೆ?

ಒಂದು ಎಚ್ಚರಿಕೆ. ಯಾರ ಬಳಿಯಾದರೂ ನಿಜವಾದ ಹಳೆಯ ಒಳ್ಳೆಯ ಮೈಕ್ ಇದ್ದರೆ ದಯವಿಟ್ಟು ಕೈ ಹಚ್ಚಬೇಡಿ. ಕಲಿಯುವುದು ಅಗ್ಗದ್ದರ ಮೇಲೆ ಇರಲಿ. ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ. ಪ್ರತಿ ಸಲವೂ ಅದೇ ಕೋಣೆ, ಅದೇ ಹಾಡು, ಅದೇ ಒಂದು ಗೇಣಿನ ದೂರದಲ್ಲಿ ರೆಕಾರ್ಡ್ ಮಾಡಿ ಹೋಲಿಸಿ.

ಮತ್ತೊಂದು ಕೆ 47 ಕ್ಯಾಪ್ಸೂಲ್ ತಂದು ಹಾಕಿದ ಸಂಜೆ ಅಮ್ಮ ಅದೇ ಮೊದಲ ಹಾಡು ಹಾಡಿದರು. ಹೆಡ್‌ಫೋನ್ ಕೊಟ್ಟೆ. ಈ ಸಲ ಪೂರ್ತಿ ಕೇಳಿದರು. ನಡುವೆ ಒಂದು ಸಾಲು ತಪ್ಪಿದ್ದೇನೆ, ಮತ್ತೆ ಹಾಡುತ್ತೇನೆ ಅಂದರು. ದನಿಯ ಬಗ್ಗೆ ಏನೂ ಹೇಳಲಿಲ್ಲ.

ಮೈಕಿನ ಜೊತೆಗೇ ಬಂದಿದ್ದ ಹಳೇ ಕ್ಯಾಪ್ಸೂಲನ್ನು ಎಸೆದಿಲ್ಲ. ಅದೂ ಸಿಲಿಕಾ ಜೆಲ್ ಡಬ್ಬಿಯಲ್ಲೇ ಇದೆ. ಮೇಲಿನ ಸ್ವರ ಇಳಿಸುವ ಬೋರ್ಡೊಂದನ್ನು ಈಗ ಸೋಲ್ಡರ್ ಮಾಡುತ್ತಿದ್ದೇನೆ. ಮುಗಿದ ಮೇಲೆ ಎರಡನ್ನೂ ಜೋಡಿಸಿ, ಅಮ್ಮನಿಂದಲೇ ಹಾಡಿಸಿ ಇಲ್ಲಿ ಹಾಕುತ್ತೇನೆ.